ದಾರ ಹಾಯಿಸದ ಮನೆ

ನಮ್ಮೂರಿನಲ್ಲಿ ಹಾಲು ಹಾಕಲು ಬರುವ ಬಸಲಿಂಗವ್ವ ಯಾರ ಮನೆಯ ಬಾಗಿಲನ್ನೂ ಬಡಿಯುವುದಿಲ್ಲ. ಅಂಗಳದಲ್ಲಿ ನಿಂತು, ಕತ್ತು ಮೇಲಕ್ಕೆತ್ತಿ, "ಇವತ್ತ ಎಷ್ಟೈತ್ರೀ?" ಎಂದು ಕೂಗುತ್ತಾಳೆ. ಒಳಗಿನವರು ಗೋಡೆಯ ಮೇಲಿನ ಅಳತೆಯ ಮುಳ್ಳು ನೋಡಿ "ಒಂದು ಗೇಣು" ಎಂದೋ "ಮೂರು ಮೊಳ" ಎಂದೋ ಹೇಳುತ್ತಾರೆ. ಗೇಣಾದರೆ ಅವಳು ಚರಿಗೆಯನ್ನು ಕೈಯಲ್ಲೇ ಎತ್ತಿ ಕೊಡುತ್ತಾಳೆ. ಮೂರು ಮೊಳವಾದರೆ ಹಗ್ಗ ಇಳಿಬಿಡಿ ಎನ್ನುತ್ತಾಳೆ. ಎಂಟು ಮೊಳ ದಾಟಿದ್ದರೆ, "ನೀವು ಖುಷಿಯಾಗೇ ಇರ್ರಿ, ಇಳದ ಮ್ಯಾಲ ಬರತೀನಿ" ಎಂದು ಗೊಣಗುತ್ತ ಮುಂದಿನ ಮನೆಗೆ ಹೋಗುತ್ತಾಳೆ.

ಮನೆಗಳು ಯಾಕೆ ಮೇಲೇಳುತ್ತವೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನ ಮನೆಗಳು ಯಾಕೆ ಏಳುವುದಿಲ್ಲ ಎಂದು ನಾನೇನು ಕೇಳಿದೆನೇ? ಮೊದಲಿನಿಂದಲೂ ಹಾಗೇ ಇದೆ, ಹಾಗೇ ನಡೆದುಕೊಂಡು ಬಂದಿದೆ. ಮದುವೆ ನಿಶ್ಚಯವಾದ ಮನೆ ತಾಳೆಮರದಷ್ಟು ಏರುತ್ತದೆ. ಹೋಳಿಗೆ ಮಾಡಿದ ದಿನ ಮೊಳಕಾಲುದ್ದ. ಬೀಗರು ಮುನಿಸಿಕೊಂಡು ಕೂತರೆ ಅದೇ ಮನೆ ಒಂದು ಮೂಲೆಗೆ ವಾಲುತ್ತದೆ, ಒಲೆಯ ಮೇಲಿನ ಹಾಲು ಒಂದೇ ಕಡೆಗೆ ಉಕ್ಕುತ್ತದೆ. ಎಲ್ಲರೂ ಮಲಗಿದ ಮೇಲೆ ಮನೆ ತಾನಾಗಿ ಇಳಿದು ಕೂರುತ್ತದೆ. ಸಾವಾದ ಮನೆ ಮಾತ್ರ ನೆಲ ಬಿಡುವುದಿಲ್ಲ. ಕೆಲವು ತಿಂಗಳುಗಟ್ಟಲೆ ಕೂರುತ್ತವೆ, ಕೆಲವು ವರ್ಷಗಟ್ಟಲೆ. ಎಷ್ಟು ದಿನವಾಯಿತು ಎಂದು ಯಾರೂ ಕೇಳುವುದಿಲ್ಲ. ಬಸಲಿಂಗವ್ವ ಕೂಡ ಅಂಥ ಮನೆಯ ಮುಂದೆ ಕೂಗದೆ ಹಾಲಿಟ್ಟು ಹೋಗುತ್ತಾಳೆ.

ನಾನು ಫಕೀರಪ್ಪ, ಮನೆಗಳಿಗೆ ಮುಳ್ಳು ಕೂಡಿಸುವವನು. ಊರವರು ಮುಳ್ಳಿನ ಫಕೀರಪ್ಪ ಎನ್ನುತ್ತಾರೆ. ನನ್ನ ಹೆಂಡತಿ ಕಾಶವ್ವ ಸಿಟ್ಟು ಬಂದಾಗ ಬರೀ ಮುಳ್ಳು ಎನ್ನುತ್ತಾಳೆ.

ಊರಿನ ಪಡುವಣಕ್ಕೆ ಒಂದು ಬಯಲಿದೆ. ಅಲ್ಲಿ ನೂರಾ ಹನ್ನೊಂದು ಹಳೆಯ ಯುದ್ಧವಿಮಾನಗಳು ಸಾಲಾಗಿ ನಿಂತಿವೆ. ಯಾರ ಯುದ್ಧ, ಯಾರ ಮೇಲೆ, ಯಾರು ಗೆದ್ದರು, ನಮಗೆ ಒಂದೂ ಗೊತ್ತಿಲ್ಲ. ಹಾರಿಸಿಕೊಂಡು ಬಂದವರು ಒಂದು ದಿನ ಕೆಳಗಿಳಿದು, ಹಳ್ಳದಲ್ಲಿ ಕೈಕಾಲು ತೊಳೆದುಕೊಂಡು, ನಡೆದೇ ತಮ್ಮ ಊರುಗಳಿಗೆ ಹೋದರಂತೆ. ಬಹಳ ವರ್ಷ ಅವುಗಳ ರೆಕ್ಕೆಯ ಮೇಲೆ ನಮ್ಮ ಹೆಂಗಸರು ಹಪ್ಪಳ, ಸಂಡಿಗೆ ಒಣಗಿಸುತ್ತಿದ್ದರು. ಅಷ್ಟೇ ಅವುಗಳ ಉಪಯೋಗ. ಆಮೇಲೆ ಗಡಿಯಾರ ರಿಪೇರಿಯ ರಾಜೇಸಾಬರು ಒಂದು ಮಧ್ಯಾಹ್ನ ಪೈಲಟ್ ಕೂರುವ ಗೂಡಿನೊಳಗೆ ಇಳಿದು ನೋಡಿದರು. ಎದುರಿಗೆ ಗಡಿಯಾರದಂಥ ದುಂಡು ಮುಖಗಳು, ಒಂದೊಂದರಲ್ಲೂ ಒಂದೊಂದು ಮುಳ್ಳು. "ವಿಮಾನ ಏರತಿತ್ತು, ಅದಕ್ಕ ಮುಳ್ಳಿತ್ತು. ಮನಿ ಏರತಾವ, ಅವಕ್ಕ ಮುಳ್ಳಿಲ್ಲ. ಇದ್ಯಾವ ನ್ಯಾಯ?" ಎಂದು ತಮ್ಮನ್ನೇ ಕೇಳಿಕೊಂಡು ಸ್ಕ್ರೂ ಬಿಚ್ಚತೊಡಗಿದರು. ನಾನು ಅವರ ಕೈಯಲ್ಲಿ ಕಲಿತವನು.

ಕೆಲಸ ಸುಲಭದ್ದಲ್ಲ. ಎತ್ತರ ತೋರಿಸುವ ಮುಳ್ಳಿನ ಹೊಟ್ಟೆಯಲ್ಲಿ ತೆಳು ತಗಡಿನದೊಂದು ಚಿಕ್ಕ ಡಬ್ಬಿ ಇರುತ್ತದೆ. ಮೇಲೇರಿದಂತೆ ಅದು ಪೂರಿಯ ಹಾಗೆ ಉಬ್ಬುತ್ತದೆ, ಉಬ್ಬಿದಷ್ಟು ಮುಳ್ಳು ತಿರುಗುತ್ತದೆ. ವಿಮಾನ ಸಾವಿರಾರು ಅಡಿ ಹೋಗುವಂಥದ್ದು, ನಮ್ಮ ಮನೆಗಳು ಎಷ್ಟೆಂದರೂ ತಾಳೆಮರದ ತುದಿ. ಆದ್ದರಿಂದ ಒಳಗಿನ ಹಲ್ಲುಚಕ್ರಗಳನ್ನು ಬದಲಿಸಿ, ಒಂದು ಬೆರಳೆತ್ತರಕ್ಕೂ ಮುಳ್ಳು ಅಲ್ಲಾಡುವಂತೆ ಮಾಡಬೇಕು. ಮಳೆ ಗಾಳಿಗೆ ಅದು ಸುಳ್ಳು ಹೇಳದಂತೆ ಇನ್ನೊಂದು ಡಬ್ಬಿಯನ್ನು ಅಂಗಳದಲ್ಲಿ ಹೂತು, ಎರಡಕ್ಕೂ ರಬ್ಬರ್ ನಳಿಗೆ ಜೋಡಿಸಬೇಕು. ಅಂಕಿಗಳ ಮೇಲಿರುವ, ಕತ್ತಲಲ್ಲಿ ಹೊಳೆಯುವ ಹಸಿರು ಬಣ್ಣ ವಿಷ ಎಂದು ರಾಜೇಸಾಬರು ಮೊದಲ ದಿನವೇ ಹೇಳಿದ್ದರು. ಅಂಕಿ ಬರೆದ ಆ ಬಿಲ್ಲೆಯನ್ನು ಕೆರೆಯದೆ ಹಾಗೇ ತೆಗೆದು ಸೀಸದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಹೊಸ ಬಿಲ್ಲೆಯ ಮೇಲೆ ಬೆರಳು, ಗೇಣು, ಮೊಳ ಎಂದು ನಾವೇ ಬರೆಯುತ್ತೇವೆ.

ಉಳಿದ ಮುಳ್ಳುಗಳನ್ನೂ ನಾವು ಸುಮ್ಮನೆ ಬಿಟ್ಟಿಲ್ಲ. ವಿಮಾನ ವಾಲಿದ್ದನ್ನು ತೋರಿಸುತ್ತಿದ್ದ ಚೆಂಡು ಈಗ ಅಡುಗೆಮನೆಗಳಲ್ಲಿದೆ. ಅದು ಅತ್ತ ವಾಲಿದರೆ ಹಾಲಿನ ಪಾತ್ರೆಯನ್ನು ಇತ್ತ ಸರಿಸುತ್ತಾರೆ, ತಿಳಿದವರು ಜಗಳವನ್ನೂ ಅಲ್ಲಿಗೇ ನಿಲ್ಲಿಸುತ್ತಾರೆ. ವೇಗದ ಮುಳ್ಳನ್ನು ತೊಟ್ಟಿಲಿಗೆ ಕಟ್ಟಿಕೊಟ್ಟಿದ್ದೇನೆ. ತೂಗಿದಷ್ಟು ಅದು ಏರುತ್ತದೆ, ಅಜ್ಜಿಯರು ಒಬ್ಬರಿಗಿಂತ ಒಬ್ಬರು ಜೋರಾಗಿ ತೂಗಿ ಮಲಗಿದ ಕೂಸನ್ನು ಎಬ್ಬಿಸುತ್ತಾರೆ. ಪೆಟ್ರೋಲಿನ ಮುಳ್ಳು ಈಗ ಜೋಳದ ಕಣಜ ಎಷ್ಟು ತುಂಬಿದೆ ಎಂದು ಹೇಳುತ್ತದೆ. ಗುಂಡು ಹಾರಿಸುತ್ತಿದ್ದ ಕೆಂಪು ಗುಂಡಿ ನಮ್ಮ ಮನೆಯ ಕರೆಗಂಟೆ. ಒತ್ತಿದರೆ ಒಳಗಿನಿಂದ ಕಾಶವ್ವ "ಬಂದ್ನಿ" ಎನ್ನುತ್ತಾಳೆ. ಅದಕ್ಕಿಂತ ದೊಡ್ಡ ಸ್ಫೋಟ ಇನ್ನೂ ಆಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ದಾರ. ಮುಳ್ಳು ಕೂಡಿಸಿದ ಮೇಲೆ ಅದಕ್ಕೆ ನೆಲ ಯಾವುದು ಎಂದು ನಾವೇ ಹೇಳಿಕೊಡಬೇಕು. ಅದರ ಕೆಳಗೊಂದು ತಿರುಪು ಇರುತ್ತದೆ, ಅದನ್ನು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಬೇಕು. ತಿರುಗಿಸುವ ಮೊದಲು ಮನೆ ನಿಜವಾಗಿಯೂ ನೆಲದ ಮೇಲಿದೆಯೇ ಎಂದು ನೋಡಲು, ಅರಿಸಿನ ಹಚ್ಚಿದ ನೂಲಿನ ದಾರವನ್ನು ಇಬ್ಬರು ಎರಡು ತುದಿಗೆ ಹಿಡಿದು, ಮನೆಯ ಮುಂಗೋಡೆಯ ತಳದಿಂದ ಹಿಂಗೋಡೆಯ ಕಡೆಗೆ ಎಳೆಯುತ್ತೇವೆ. ದಾರ ಸಿಕ್ಕಿಕೊಂಡರೆ ಮನೆ ನೆಲದ ಮೇಲಿದೆ. ಹಾಯ್ದು ಹೋದರೆ ಎದ್ದಿದೆ, ಇಳಿಯುವವರೆಗೆ ಕಾಯಬೇಕು. "ಕಣ್ಣು ನಂಬಬ್ಯಾಡ, ದಾರ ನಂಬು" ಎಂದು ರಾಜೇಸಾಬರು ಸಾಯುವ ಮುಂಚೆಯೂ ಹೇಳಿದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಏನು ಖರ್ಚು?

ನೀಲಗಂಗವ್ವನ ಮನೆಗೆ ಮುಳ್ಳು ಕೂಡಿಸಿದ್ದು ಮೂರು ವರ್ಷದ ಹಿಂದೆ. ಅವಳಿಗೆ ಎರಡೂ ಕಣ್ಣು ಇಲ್ಲ, ಮಗ ಚನ್ನವೀರ ಹುಟ್ಟಿದ ಹತ್ತು ವರ್ಷಕ್ಕೆ ಹೋದವು. ಚನ್ನವೀರ ನಮ್ಮೂರಿನ ಏಣಿಗಳನ್ನು ಮಾಡುತ್ತಿದ್ದವನು. ಅವನು ಮಾಡಿದ ಏಣಿ ಹತ್ತಿದರೆ ಕಾಲಿಗೆ ತನ್ನಿಂದ ತಾನೇ ಧೈರ್ಯ ಬರುತ್ತಿತ್ತು. ನನ್ನ ಮುಳ್ಳುಗಳನ್ನು ಕಂಡರೆ ಅವನಿಗೆ ನಗು. "ಫಕೀರಪ್ಪ ಕಾಕಾ, ಮನಿ ಎಷ್ಟು ಎದ್ದೈತಿ ಅಂತ ಹೊಸ್ತಿಲ ದಾಟೂವಾಗ ನನ್ನ ಕಾಲಿಗೆ ಗೊತ್ತಾಗತೈತಿ. ನನಗ ನಿಮ್ಮ ಮುಳ್ಳು ಯಾಕ ಬೇಕು?" ಎನ್ನುತ್ತಿದ್ದ. ಅವನ ಮನೆ ದಿನಾ ಒಂದಾಳೆತ್ತರ ಮೇಲಿರುತ್ತಿತ್ತು. ಅವನೂ ಹೆಂಡತಿ ಮಹಾನಂದಾಳೂ ನಗುವುದು ಬೀದಿಯ ಈ ತುದಿಗೆ ಕೇಳುತ್ತಿತ್ತು, ನಡುವೆ ನೀಲಗಂಗವ್ವನ ಬೈಗುಳ ಕೇಳುತ್ತಿತ್ತು. ಒಂದು ದಿನ ಪರವೂರಿಗೆ ಮರ ತರಲು ಹೋದವನಿಗೆ ಅಲ್ಲೇ ಎದೆ ಹಿಡಿದುಕೊಂಡಿತು. ಮೂವತ್ತನಾಲ್ಕು ವಯಸ್ಸು. ಸುದ್ದಿ ಬರುವ ಮೊದಲೇ ಮನೆ ದೊಪ್ಪನೆ ಕೂತಿತು. ಆ ಸದ್ದನ್ನು ಇಡೀ ಬೀದಿ ಕೇಳಿದೆ, ನಾನೂ ಕೇಳಿದ್ದೇನೆ.

ನಲವತ್ತನೆಯ ದಿನವೋ ಏನೋ, ನೀಲಗಂಗವ್ವ ನನಗೆ ಹೇಳಿಕಳಿಸಿದಳು. ಬೆರಳಿನಿಂದ ಮುಟ್ಟಿ ನೋಡಬಹುದಾದ ಮುಳ್ಳು ಬೇಕೆಂದಳು. "ಮನಿ ಎದ್ದ ದಿನ ನನಗ ಗೊತ್ತಾಗಬೇಕು ಫಕೀರಾ. ಆಕಿ ನನಗ ಸುಳ್ಳು ಹೇಳಬಾರದು. ನನ್ನ ಸೊಸಿ ಬಾಳ ಒಳ್ಳೆ ಸುಳ್ಳಗಾತಿ, ಅತಗೋತ ನಗತಾಳ." ಅದಕ್ಕೇ ನಾನು ಗಾಜು ತೆಗೆದುಬಿಟ್ಟೆ, ಬೆರಳಿಗೆ ಒಂದೊಂದು ಬೆಸುಗೆಯ ಹನಿ, ಗೇಣಿಗೊಂದು ಉದ್ದ ಗೀರು ಎಂದು ಬಿಲ್ಲೆಯ ಮೇಲೆ ಉಬ್ಬು ಗುರುತು ಮಾಡಿದೆ. ಹೆಮ್ಮೆಯಿಂದ ಹೇಳುತ್ತೇನೆ, ನಾನು ಮಾಡಿದ್ದರಲ್ಲಿ ಅದಕ್ಕಿಂತ ಚೆಂದದ ಮುಳ್ಳು ಇನ್ನೊಂದಿಲ್ಲ.

ಆದರೆ ದಾರ ಹಾಯಿಸಲಿಲ್ಲ. ಜೇಬಿನಲ್ಲಿತ್ತು, ತೆಗೆಯಲಿಲ್ಲ. ಮಹಾನಂದಾ ಬಾಗಿಲಲ್ಲೇ ನಿಂತಿದ್ದಳು, ಬರಿಗೈ, ಬರಿಗೊರಳು. ಹೆಣ ಹೋಗಿ ನಲವತ್ತು ದಿನವಾದ ಮನೆಯ ಕೆಳಗೆ ದಾರ ಎಳೆಯುವುದೆಂದರೆ, "ಏನವಾ, ಆಗಲೇ ಹಗುರಾದಿರೇನು?" ಎಂದು ಮುಖದ ಮೇಲೆ ಕೇಳಿದಂತೆ. ನನ್ನಿಂದ ಆಗಲಿಲ್ಲ. ಸಾವಾದ ಮನೆ ನೆಲದ ಮೇಲಲ್ಲದೆ ಇನ್ನೆಲ್ಲಿರುತ್ತದೆ ಎಂದುಕೊಂಡು, ತಿರುಪು ತಿರುಗಿಸಿ ಸೊನ್ನೆಗೆ ನಿಲ್ಲಿಸಿ ಬಂದುಬಿಟ್ಟೆ.

ಅಂದಿನಿಂದ ಮೂರು ವರ್ಷ ನೀಲಗಂಗವ್ವ ಬೆಳಗ್ಗೆ ಎದ್ದವಳೇ ಗೋಡೆಗೆ ಹೋಗಿ ಮುಳ್ಳು ಮುಟ್ಟುತ್ತಿದ್ದಳು. ಸೊನ್ನೆ. ಊಟವಾದ ಮೇಲೆ ಮತ್ತೆ. ಸೊನ್ನೆ. ಬೇರೆ ಮನೆಗಳಲ್ಲಿ ಮುಳ್ಳು ಗಂಟೆಗೊಮ್ಮೆ ಅತ್ತಿತ್ತ ಆಡುತ್ತದೆ. ಇಲ್ಲಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಮಹಾನಂದಾ ಗಂಡನ ಉಳಿ ಬಾಚಿ ಕೈಗೆ ತಗೊಂಡು ಏಣಿ ಕಟ್ಟುವುದನ್ನು ಕಲಿತಳು, ಅತ್ತೆಗೆ ವಾಸನೆ ಇಷ್ಟವೆಂದು ಮನೆಯ ಸುತ್ತ ತಳ ಮುಚ್ಚುವ ಹಾಗೆ ಸೇವಂತಿಗೆ ಹಚ್ಚಿದಳು, ದಿನಾ ಸಂಜೆ ಅತ್ತೆಯ ತಲೆ ಬಾಚುತ್ತ ಬೀದಿಯ ಸುದ್ದಿಯನ್ನೆಲ್ಲ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು. ಇಬ್ಬರೂ ನಗುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಕೇಳಿ, ಪಾಪ, ಇಷ್ಟು ನಕ್ಕರೂ ಮನೆ ಏಳಲಿಲ್ಲವಲ್ಲ ಎಂದು ಮರುಗಿದ್ದೇನೆ. ನನ್ನ ಬುದ್ಧಿಗೆ ಏನು ಹೇಳಲಿ.

ಎಳ್ಳಮಾಸಿ ಹಬ್ಬಕ್ಕೆ ಹತ್ತು ದಿನವಿರುವಾಗ ಮಹಾನಂದಾ ನನ್ನ ಅಂಗಡಿಗೆ ಬಂದಳು. ಕೂರು ಎಂದರೂ ಕೂರಲಿಲ್ಲ. ಮೇಜಿನ ಮೇಲಿದ್ದ ಒಂದು ದಿಕ್ಸೂಚಿಯನ್ನು ತಿರುಗಿಸುತ್ತ ನಿಂತಳು.

"ಕಾಕಾ, ಹಬ್ಬ ಆದ ಮ್ಯಾಲ ನಾ ನಮ್ಮಣ್ಣನ ಊರಿಗೆ ಹೋಗತೀನಿ. ಹೋಗಿ ಅಲ್ಲೇ ಇರತೀನಿ."

"ಅಲ್ಲೇ ಅಂದ್ರ? ಮತ್ತ ಯವ್ವ?"

"ಅತ್ತ್ಯವ್ರಿಗೆ ಇನ್ನೂ ಹೇಳಿಲ್ಲ. ಅವರ ಸಣ್ಣ ಮಗಳನ್ನ ಕರಿಸಿ ಜೋಡಿಗೆ ಇಡತೀನಿ. ಮೂರು ವರ್ಷಾತು ಕಾಕಾ, ಮನಿ ಏಳವಲ್ದು. ಅವರೇನು, ನಕ್ಕೋತ ಇರತಾರ. ಭಾರ ಇರೂದು ನನ್ನ ಎದಿಯೊಳಗ. ನಾನು ಎಲ್ಲಾ ಮಾಡತೀನಿ, ಖರೆ, ಆದ್ರ ಒಬ್ಬಾಕೀನ ಇದ್ದಾಗ..." ಎಂದು ಮಾತು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. "ಸಾಯೂದ್ರೊಳಗ ಒಮ್ಮೆ ಮನಿ ಏಳೂದು ಅವರ ಕೈಗೆ ಸಿಗಬೇಕು. ನಾ ಹೋದ ಮ್ಯಾಲ ಮುಳ್ಳು ಎದ್ರ ನನಗ ಸುದ್ದಿ ಕಳಸ್ರಿ. ಅಷ್ಟ ಸಾಕು. ಯಾರಿಗೂ ಹೇಳಬ್ಯಾಡ್ರಿ, ಆಣಿ ಮಾಡ್ರಿ."

ಆಣೆ ಮಾಡಿದೆ. ಏನು ಮಾಡಲಿ, ಅವಳು ಅಳುತ್ತಿದ್ದಳು.

ಮರುದಿನ ಮಧ್ಯಾಹ್ನ, ಮಹಾನಂದಾ ಯಾರಿಗೋ ಏಣಿ ಒಪ್ಪಿಸಲು ಹೋದ ಹೊತ್ತು ನೋಡಿಕೊಂಡು, ನೀಲಗಂಗವ್ವ ಗೋಡೆ ಗೋಡೆ ಸವರುತ್ತ ಒಬ್ಬಳೇ ನನ್ನ ಅಂಗಡಿಗೆ ಬಂದಳು. ಬಂದವಳು ಕುರ್ಚಿಯನ್ನು ಕೇಳದೆಯೇ ಹುಡುಕಿ ಕೂತಳು.

"ಫಕೀರಾ, ಹಬ್ಬ ಆದಕೂಡಲೇ ನಾ ಸಣ್ಣ ಮಗಳ ಮನಿಗೆ ಹೋಗಾಕಿ. ಮತ್ತ ತಿರುಗಿ ಬರಾಕಿ ಅಲ್ಲ."

ನಾನು ಚಿಮಟ ಕೆಳಗಿಟ್ಟೆ. "ಯಾಕವಾ? ಸೊಸಿ ಏನಾರ ಅಂದಳೇನು?"

"ಆಕಿ ಅಂದಿದ್ರ ಚಲೋ ಇತ್ತು. ಏನೂ ಅನ್ನೂದಿಲ್ಲ ನನ ಕೂಸು. ಮೂವತ್ತೊಂದು ವರ್ಷ ಆಕಿಗೆ. ಒಂದು ಕುರುಡು ಮುದುಕಿ ತಲಿ ಬಾಚಿಕೋತ ಕುಂತಾಳ. ನಾ ಆ ಮನಿಯಾಗ ಇರೂತನಕ ಮನಿ ಏಳೂದಿಲ್ಲ, ನನಗ ಗೊತ್ತೈತಿ. ಮಗನ್ನ ನುಂಗಿದ ಕಲ್ಲು ನಾನು." ಅವಳು ಕೋಲನ್ನು ಮಡಿಲಿಗೆ ತಗೊಂಡು, ದನಿ ತಗ್ಗಿಸಿದಳು. "ನಾ ಹೋದ ಮ್ಯಾಲ ಮನಿ ಏಳಬಹುದು, ಏಳದಿರಬಹುದು. ಏಳಲಿಲ್ಲ ಅಂದ್ರ ಆಕಿ ತನ್ನ ತಾನ ಬೈಕೋತಾಳ. ಅದಕ್ಕ ನೀ ಏನ ಮಾಡು, ಮುಳ್ಳನ್ನ ಒಂದೆರಡು ಬೆರಳು ಮ್ಯಾಲ ತಿರುವಿ ಇಟ್ಟುಬಿಡು. ಮನಿ ಎದ್ದೈತಿ ಅಂತ ತಿಳಕೊಂಡ್ರ ಎದ್ದ ಹಂಗನ. ಸುಳ್ಳಿನ ಪಾಪ ನನಗಿರಲಿ."

ನಲವತ್ತು ವರ್ಷದ ನನ್ನ ಕಸುಬಿನಲ್ಲಿ ಮುಳ್ಳಿಗೆ ಸುಳ್ಳು ಹೇಳಿಸು ಎಂದು ಕೇಳಿದವರು ಬೇಕಾದಷ್ಟು ಜನ. ಬೀಗರು ನೋಡಲು ಬರುವ ದಿನ ನಾಲ್ಕು ಮೊಳ ತೋರಿಸು ಎಂದವರಿದ್ದಾರೆ. ಎಲ್ಲರನ್ನೂ ಬೈದು ಕಳಿಸಿದ್ದೇನೆ. ಇವಳನ್ನು ಬೈಯಲಾಗಲಿಲ್ಲ. ಆಗಲಿ ಯವ್ವಾ ಎಂದೆ. ಅವಳೂ ಆಣೆ ಮಾಡಿಸಿಕೊಂಡೇ ಹೋದಳು.

ಎರಡು ಆಣೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟಕ್ಕೆ ಕೂತೆ. ಕಾಶವ್ವ ನನ್ನ ಮುಖ ನೋಡಿದಳು, ಅಡುಗೆಮನೆಯ ಚೆಂಡು ನೋಡಿದಳು. ಮನೆ ನನ್ನ ಕಡೆಗೆ ವಾಲಿತ್ತು. ಬಾಯಿ ಬಿಡಿಸಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೇಳಿ ಮುಗಿಸಿ, "ಇಬ್ರೂ ಒಬ್ಬರಿಗೊಬ್ಬರು ಜೀವ ಬಿಡತಾರ, ಅದಕ್ಕ ಒಬ್ಬರನ್ನೊಬ್ಬರು ಬಿಟ್ಟ ಹೊಂಟಾರ. ನಡುವ ನೀ ತಿರುಪು ತಿರುವಾಕ ಹೊಂಟಿ. ಶಾಣ್ಯಾ!" ಎಂದಳು. ಸಂಡಿಗೆಯ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು.

ಆದರೂ ಮರುದಿನ ಬೆಳಗ್ಗೆ ಹೋದೆ. ಮುಳ್ಳಿಗೆ ಎಣ್ಣೆ ಬಿಡಬೇಕು ಎಂದು ನೆಪ ಹೇಳಿದೆ. ಮಹಾನಂದಾ ಹಿತ್ತಲಿನಲ್ಲಿ ಬಿದಿರು ಸೀಳುತ್ತಿದ್ದಳು. ನೀಲಗಂಗವ್ವ ಅಂಗಳದಲ್ಲಿ ಹೂ ಬಿಡಿಸುತ್ತಿದ್ದಳು. ನಾನು ಗೋಡೆಯ ಮುಂದೆ ನಿಂತು ತಿರುಪಿಗೆ ಕೈ ಹಾಕಿದೆ, ಆಗಲೇ ಹಿಂದೆ ಧಡ್ ಎಂದು ಸದ್ದಾಯಿತು. ತಿರುಗಿ ನೋಡಿದರೆ ನೀಲಗಂಗವ್ವ ಹೊಸ್ತಿಲಿಗೆ ಎಡವಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. ಹೂವೆಲ್ಲ ಒಳಗೆ ಚೆಲ್ಲಿತ್ತು.

"ಈ ಹೊಸ್ತಿಲ ನನ್ನ ಮ್ಯಾಲ ಹಗಿ ಸಾಧಸಾಕತ್ತೈತಿ ನೋಡು" ಎಂದು ಅವಳು ಹೆಬ್ಬೆರಳು ತಿಕ್ಕಿಕೊಂಡಳು. "ಲಕ್ಷ್ಯ ಕೊಟ್ರ ದಾಟತೀನಿ, ಮರತ್ರ ಎಡವತೀನಿ. ಐವತ್ತು ವರ್ಷ ಈ ಹೊಸ್ತಿಲ ದಾಟೀನಿ, ಎದ್ದ ಮನಿಗೆ ಏಣಿ ಹತ್ತಿ ದಾಟೀನಿ, ಕುಂತ ಮನಿಗೆ ಮೆಟ್ಟಿಲಗಲ್ಲು ಹತ್ತಿ ದಾಟೀನಿ. ನನ್ನ ಗಂಡ ಸತ್ತು ಮನಿ ಎರಡು ವರ್ಷ ಕುಂತಾಗೂ ಒಮ್ಮೆ ಎಡವಿದಾಕಿ ಅಲ್ಲ. ಚನ್ನವೀರ ಹೋದ ಮ್ಯಾಲ ಸುರು ಆತು. ಮುಪ್ಪು, ಮತ್ತೇನು."

ಮೆಟ್ಟಿಲುಗಲ್ಲು ನೆಲದ್ದು, ಅದು ಏಳುವುದಿಲ್ಲ. ಹೊಸ್ತಿಲು ಮನೆಯದು. ಎರಡರ ನಡುವಿನ ಅಂತರ ಐವತ್ತು ವರ್ಷ ಅವಳ ಕಾಲಿಗೆ ಗೊತ್ತು. ಅಂತರ ಹೆಚ್ಚಾಗದೆ ಕಾಲು ಎಡವುವುದಿಲ್ಲ. ಅವತ್ತು ಜೇಬಿನಲ್ಲೇ ಉಳಿದ ದಾರ ನೆನಪಾಯಿತು.

ತಿರುಪು ನನ್ನ ಬೆರಳುಗಳ ನಡುವೆಯೇ ಇತ್ತು. ಸುಳ್ಳು ಏಕೆ ಹೇಳಲಿ, ಮೊದಲು ಬಂದದ್ದು ಕಳ್ಳ ಯೋಚನೆಯೇ. ಈಗಲೇ ಮೆಲ್ಲಗೆ ಎಷ್ಟು ಬೇಕೋ ಅಷ್ಟು ತಿರುಗಿಸಿ ಸರಿ ಮಾಡಿಬಿಟ್ಟರೆ ಮುಗಿಯಿತು. ಮುಳ್ಳು ನಿಜ ಹೇಳುತ್ತದೆ, ನನ್ನ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ, ಮುಳ್ಳಿನ ಫಕೀರಪ್ಪನ ಹೆಸರು ಹೆಸರಾಗೇ ಇರುತ್ತದೆ. ಆದರೆ ಆಮೇಲೆ? ಮನೆ ಇವತ್ತು ಎದ್ದಿತು ಎಂದು ಇಬ್ಬರೂ ತಿಳಿಯುತ್ತಾರೆ. ತಾನು ಹೋಗುವ ನಿರ್ಧಾರ ಮಾಡಿದ್ದಕ್ಕೇ ಎದ್ದಿತು ಎಂದು ಅವಳೂ ತಿಳಿಯುತ್ತಾಳೆ, ಇವಳೂ ತಿಳಿಯುತ್ತಾಳೆ. ನಿಜ ತೋರಿಸುವ ಮುಳ್ಳೇ ಇಬ್ಬರನ್ನೂ ಮನೆಯಿಂದ ಹೊರಗೆ ಹಾಕುತ್ತದೆ. ತಿರುಪು ಬಿಟ್ಟೆ.

"ಮಹಾನಂದಾ, ಬಾ ಇಲ್ಲಿ" ಎಂದು ಹಿತ್ತಲಿಗೆ ಕೂಗಿದೆ. ಅವಳು ಕೈಯಲ್ಲಿ ಬಾಚಿ ಹಿಡಿದುಕೊಂಡೇ ಬಂದಳು. ಅತ್ತೆ ಸೊಸೆ ಇಬ್ಬರೂ ನಿಂತಿದ್ದ ಹಾಗೇ ಹೇಳಿದೆ. "ನಂದೊಂದು ತಪ್ಪಾಗೇತಿ. ಮುಳ್ಳು ಕೂಡಿಸಿದ ದಿನ ನಾ ದಾರ ಹಾಯಿಸಲಿಲ್ಲ. ನಿಮ್ಮ ಮಾರಿ ನೋಡಿ ಮನಸ್ಸಾಗಲಿಲ್ಲ. ಮನಿ ನೆಲದ ಮ್ಯಾಲ ಇರತೈತಿ ಅಂತ ತಿಳಕೊಂಡು ಸೊನ್ನಿಗೆ ಇಟ್ಟೆ. ಈಗ ಹಾಯಸ್ತೀನಿ. ಅವಾಗ ಹಾಯಿಸಬೇಕಿತ್ತು."

ನೀಲಗಂಗವ್ವ ಕೈ ಚಾಚಿದಳು. "ಒಂದು ತುದಿ ನನ್ನ ಕೈಯಾಗ ಕೊಡು" ಎಂದಳು.

ಮನೆಯ ಮುಂದಿನ ಬಲಮೂಲೆಯಲ್ಲಿ ಮಹಾನಂದಾ ಅತ್ತೆಯನ್ನು ಕೂರಿಸಿ ದಾರದ ತುದಿ ಕೈಗೆ ಕೊಟ್ಟಳು. ಇನ್ನೊಂದು ತುದಿ ಹಿಡಿದು ತಾನು ಎಡಮೂಲೆಗೆ ಹೋದಳು. ನಾನು ಸೇವಂತಿಗೆ ಗಿಡಗಳನ್ನು ಬಗ್ಗಿಸಿ ದಾರವನ್ನು ಗೋಡೆಯ ತಳಕ್ಕೆ ತಾಗಿಸಿ, ಎಳೆಯಿರಿ ಎಂದೆ. ಇಬ್ಬರೂ ಪಕ್ಕದ ಗೋಡೆಗುಂಟ ಕುಕ್ಕರುಗಾಲಿನಲ್ಲೇ ಹೆಜ್ಜೆ ಸರಿಸುತ್ತ ಹಿತ್ತಲ ಕಡೆಗೆ ಎಳೆದರು. ದಾರ ಸಿಕ್ಕಿಕೊಳ್ಳಲಿಲ್ಲ. ಪಡಸಾಲೆ ದಾಟಿತು, ಅಡುಗೆಮನೆ ದಾಟಿತು, ಚನ್ನವೀರ ಮಲಗುತ್ತಿದ್ದ ಕೋಣೆ ದಾಟಿತು. ಮನೆಯ ಒಂದು ಪಕ್ಕದಲ್ಲಿ ಅತ್ತೆ, ಇನ್ನೊಂದು ಪಕ್ಕದಲ್ಲಿ ಸೊಸೆ, ನಡುವೆ ಮನೆಯ ಕೆಳಗೆ ಬಿಗಿಯಾದ ಒಂದು ಹಳದಿ ದಾರ. ಹಿಂಗೋಡೆಯ ಕೆಳಗಿನಿಂದ ಅದು ಸಲೀಸಾಗಿ ಹೊರಗೆ ಬಂತು, ಒಂದು ಹುಲ್ಲುಕಡ್ಡಿಯೂ ಅಂಟಿರಲಿಲ್ಲ. ಅದರ ಹಿಂದೆಯೇ ಪಕ್ಕದ ಮನೆಯ ಕೋಳಿಯ ಎರಡು ಮರಿಗಳು ಕೆಳಗಿನಿಂದ ಓಡಿಬಂದವು. ಅವಕ್ಕೆ ಎಂದೋ ಗೊತ್ತಿದ್ದ ದಾರಿ.

ನಾನು ಮಂಡಿಯೂರಿ ಅಳೆದೆ. ನಾಲ್ಕು ಬೆರಳು.

"ಯಾವಾಗಿಂದ?" ಎಂದು ಮಹಾನಂದಾ ಕೇಳಿದಳು.

"ನಾ ಮುಳ್ಳು ಕೂಡಿಸೂಕಿಂತ ಮೊದಲಿಂದ. ಆಮ್ಯಾಲ ಮುಳ್ಳು ಅಲ್ಲಾಡಿಲ್ಲ ಅಂದ್ರ ಮನಿನೂ ಅಲ್ಲಾಡಿಲ್ಲ. ಎಲ್ಲಾರ ಮನಿ ಹಗಲು ಏರತಾವ, ರಾತ್ರಿ ಇಳೀತಾವ. ನಿಮ್ಮದು ಮೂರು ವರ್ಷ ಹಗಲೂ ರಾತ್ರಿ ನಾಲ್ಕು ಬೆರಳಿಗೆ ನಿಂತೈತಿ. ಇಂಥಾದ್ದನ್ನ ನಾ ಕಂಡಿಲ್ಲ ತಂಗಿ, ರಾಜೇಸಾಬರೂ ಕಂಡಿರಲಿಕ್ಕಿಲ್ಲ."

ನೀಲಗಂಗವ್ವ ನೆಲದ ಮೇಲೆ ಒಂದು ಮಗ್ಗುಲಾಗಿ ಮಲಗಿ ಮನೆಯ ಕೆಳಗೆ ಕೈ ತೂರಿಸಿದಳು. ಮೊಳಕೈವರೆಗೂ ಹೋಯಿತು. ಅಂಗೈ ಮೇಲೆ ಮಾಡಿ ಮನೆಯ ಹೊಟ್ಟೆಯನ್ನು ಮುಟ್ಟಿದಳು, ಅಂಗೈ ಕೆಳಗೆ ಮಾಡಿ ನೆಲವನ್ನು ಮುಟ್ಟಿದಳು. ಬಹಳ ಹೊತ್ತು ಹಾಗೇ ಇದ್ದಳು. ನೋಟವಿಲ್ಲದ ಕಣ್ಣಿನಿಂದ ನೀರು ಸುರಿದು ಕಿವಿಯ ಹತ್ತಿರ ಮಣ್ಣು ಒದ್ದೆಯಾಯಿತು. ನಾನೂ ಅತ್ತುಬಿಟ್ಟೆ. ತಪ್ಪು ಮಾಡಿದವನಿಗೆ ಅಳುವ ಹಕ್ಕಿದೆಯೋ ಇಲ್ಲವೋ, ಅಳು ಬಂತು.

"ನನ್ನ ಮಗ ಹೇಳತಿದ್ದ, ಕಾಲಿಗೆ ಗೊತ್ತಾಗತೈತಿ ಅಂತ" ಎಂದಳು ನೀಲಗಂಗವ್ವ. "ಮೂರು ವರ್ಷ ನನ್ನ ಕಾಲು ದಿನಾ ಒದರಿ ಹೇಳಾಕತ್ತಿತ್ತು. ನಾ ಮುಳ್ಳಿನ ಮಾತ ಕೇಳಿಕೋತ ಕುಂತೆ." ಆಮೇಲೆ ಎದ್ದು ಕೂತು, ಸೆರಗಿನ ಮಣ್ಣು ಕೊಡವಿಕೊಂಡು, "ಮತ್ತ ನಾ ಕಲ್ಲಲ್ಲ ಹಂಗಾರ. ಸಣ್ಣ ಮಗಳಿಗೆ ಬರತೀನಿ ಅಂತ ಹೇಳಿಕಳಿಸಿದ್ನಿ, ಬರೂದಿಲ್ಲ ಅಂತ ಹೇಳಿಕಳಸಬೇಕು" ಎಂದು ಬಾಯಿ ಜಾರಿ ಅಂದುಬಿಟ್ಟಳು.

ಮಹಾನಂದಾ ಕೈಯಲ್ಲಿದ್ದ ದಾರದ ತುದಿ ಬಿಟ್ಟಳು. "ಏನಂದ್ರಿ? ನನ್ನ ಒಬ್ಬಾಕೀನ ಬಿಟ್ಟ ಹೊಂಟಿದ್ರ್ಯಾ ಅತ್ತಿ?"

"ನಿನಗ ಹಗುರ ಆಗಲಿ ಅಂತ..."

"ನನ್ನ ಕೇಳದನ? ನಾ ಆದ್ರೂ ಕಾಕಾಗ ಒಂದು ಮಾತು ಹೇಳೇ ಅಣ್ಣನ ಊರಿಗೆ..." ಎಂದವಳು ತಾನೂ ನಾಲಿಗೆ ಕಚ್ಚಿಕೊಂಡಳು.

"ಓಹೋಹೋ" ಎಂದಳು ಅತ್ತೆ. "ಹೌದಾ? ನೀನೂ ಗಂಟು ಕಟ್ಟಿದ್ದೇನು? ಈ ಕುರುಡು ಮುದುಕೀನ ಯಾರ ಕೈಯಾಗ ಕೊಟ್ಟ ಹೊಂಟಿದ್ದಿ? ಫಕೀರಾ, ನಿನಗ ಇದೂ ಗೊತ್ತಿತ್ತೇನು?"

ನಾನು ದಾರ ಸುತ್ತುವುದರಲ್ಲಿ ಬಹಳ ಗಮನವಿಟ್ಟೆ. ಅತ್ತೆ ಸೊಸೆ ಜಗಳವಾಡಿದರು. ಮೂರು ವರ್ಷದಲ್ಲಿ ಒಬ್ಬರಿಗೊಬ್ಬರು ಆಡದೆ ನುಂಗಿದ ಮಾತೆಲ್ಲ ಅರ್ಧ ಗಂಟೆಯಲ್ಲಿ ಹೊರಗೆ ಬಂತು. ಇಂಥ ಜಗಳಕ್ಕೆ ಬೇರೆ ಮನೆಯಾದರೆ ಒಂದು ಮೊಳ ವಾಲುತ್ತಿತ್ತು. ನಾನು ಬಗ್ಗಿ ನೋಡಿದೆ, ಅದು ನಾಲ್ಕೂ ಮೂಲೆಗೆ ನಾಲ್ಕೇ ಬೆರಳು ನಿಂತಿತ್ತು. ಕೊನೆಗೆ ಮಹಾನಂದಾ ಚೆಲ್ಲಿದ ಹೂವನ್ನು ಆರಿಸತೊಡಗಿದಳು, ನೀಲಗಂಗವ್ವ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ಕೂತಳು.

ನಾನು ಒಳಗೆ ಹೋಗಿ, "ಯವ್ವಾ, ಮುಳ್ಳು ನಾಲ್ಕಕ್ಕ ಇಡತೀನಿ" ಎಂದೆ.

"ಮುಟ್ಟಬ್ಯಾಡ" ಎಂದಳು ನೀಲಗಂಗವ್ವ. "ಸೊನ್ನಿಗೇ ಇರಲಿ. ಉಳಿದವರಿಗೆ ನೆಲ ಎಲ್ಲೈತೋ ನನಗೇನು ಗೊತ್ತು. ನಮ್ಮ ಇಬ್ಬರ ನೆಲ ಇದ."

ಅತ್ತೆ ಇನ್ನು ಎಡವದಿರಲೆಂದು ಮಹಾನಂದಾ ಆ ಸಂಜೆಯೇ ಗಂಡ ಬಿಟ್ಟುಹೋದ ತೇಗದ ತುಂಡಿನಿಂದ ನಾಲ್ಕು ಬೆರಳು ದಪ್ಪದ ಒಂದು ಹಲಗೆ ಮಾಡಿ ಮೆಟ್ಟಿಲುಗಲ್ಲಿನ ಮೇಲೆ ಕೂಡಿಸಿದಳು. ನಾನು ದಾರ ತಗೊಂಡು, ಹಿಂದೆ ಹೀಗೇ ಮುಲಾಜಿಗೆ ಬಿದ್ದು ಬಿಟ್ಟಿದ್ದ ಇನ್ನೆರಡು ಮನೆಗಳಿಗೆ ಹೋದೆ, ತಪ್ಪು ಒಪ್ಪಿಕೊಂಡೆ. ಒಂದು ನೆಲದ ಮೇಲೇ ಇತ್ತು. ಇನ್ನೊಂದರ ವಿಷಯ ಹೇಳುವುದಿಲ್ಲ, ಅದು ಆ ಮನೆಯವರ ಮಾತು. ಊರವರು ಕೆಲವು ದಿನ ನನ್ನನ್ನು ನಾಲ್ಕು ಬೆರಳಿನ ಫಕೀರಪ್ಪ ಎಂದು ಕರೆದು ನಕ್ಕರು. ನಗಲಿ, ಅವರ ಮನೆಗಳೂ ಒಂದಿಷ್ಟು ಏಳಲಿ.

ಎಳ್ಳಮಾಸಿಯ ದಿನ ಬೆಳಗ್ಗೆ ಬಸಲಿಂಗವ್ವ ಮೂರು ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ನಿಂತು "ಎಷ್ಟೈತ್ರೀ?" ಎಂದು ಕೂಗಿದ್ದು ನಮ್ಮ ಮನೆಗೂ ಕೇಳಿತು. ಉತ್ತರ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಕರೆಗಂಟೆ ಸದ್ದಾಯಿತು. ಕಾಶವ್ವ ಬಾಗಿಲು ತೆಗೆದರೆ ಮಹಾನಂದಾ, ಕೈಗೆಲ್ಲ ಎಳ್ಳು ಹೋಳಿಗೆಯ ಹಿಟ್ಟು, ಓಡಿಬಂದು ಏದುಸಿರು ಬಿಡುತ್ತಿದ್ದಳು.

"ಕಾಕಾ, ಮುಳ್ಳು ಕೆಟ್ಟೈತಿ ಅಂತ ಅತ್ತಿ ಅನ್ನಾಕತ್ತಾರ. ಒಂದು ಬೆರಳು ತೋರಸಾಕತ್ತೈತಿ. ಹಲಗಿ ಮ್ಯಾಲ ಕಾಲಿಟ್ರೂ ಎಡವಿದ್ರು."

ಮುಳ್ಳು ಕೆಟ್ಟಿದೆಯೋ, ಮನೆ ಇನ್ನೊಂದು ಬೆರಳು ಎದ್ದಿದೆಯೋ, ಅಳೆದೇ ನೋಡೋಣ ಎಂದೆ. ಗೂಟಕ್ಕೆ ತೂಗುಹಾಕಿದ್ದ ದಾರ ತಗೊಂಡು ಅವಳ ಹಿಂದೆ ಹೊರಟೆ.